ಅಕ್ಕಿ ಮಡಕೆಯ ಬೂಚು

ಗಾಡಿಯ ರೋಗವನ್ನು ಕಿವಿಯಲ್ಲೇ ಹಿಡಿಯುತ್ತೇನೆ ಎಂದು ನನ್ನ ಗಂಡ ಹೇಳಿಕೊಳ್ಳುತ್ತಾರೆ. ಹೊನ್ನಾವರದ ಬಂದರು ರಸ್ತೆಯಲ್ಲಿ ಮೋಟಾರ್ ಸೈಕಲ್ ರಿಪೇರಿ ನಾಗ ಎಂದರೆ ಯಾರಾದರೂ ನಮ್ಮ ಶೆಡ್ಡು ತೋರಿಸುತ್ತಾರೆ. ಗಾಡಿ ಬಂದು ನಿಂತರೆ ಸಾಕು, ಇವರು ಕೈ ಅಡ್ಡ ಹಿಡಿದು ‘ಬಂದ್ ಮಾಡ್ಬೇಡಿ, ಇರ್ಲಿ’ ಎಂದು ತಲೆ ವಾರೆ ಮಾಡಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಹೊಸಬರು ಇವರಿಗೆ ಮೈಮೇಲೆ ಏನೋ ಬರುವುದಿದೆ ಎಂದು ಎರಡು ಹೆಜ್ಜೆ ಹಿಂದೆ ಸರಿಯುವುದುಂಟು. ಮನೆಯೊಳಗಿಂದ ನಾನು ಅಕ್ಕಿ ಮುಗಿದಿದೆ ಎಂದು ಕೂಗಿದರೆ ಮಾತ್ರ ಅದೇ ಕಿವಿಗೆ ಕೇಳುವುದಿಲ್ಲ.

ಕಿವಿ ಚುರುಕು, ಒಪ್ಪಿದೆ. ಮೂಗು ಸತ್ತಿದೆ. ಚಿಕ್ಕಂದಿನಲ್ಲಿ ಕುಮಟೆಯ ಗ್ಯಾರೇಜಿನಲ್ಲಿ ಕೆಲಸ ಕಲಿಯುವಾಗ ಪೆಟ್ರೋಲಿನ ಜೊತೆಗೆ ನಸ್ಯವನ್ನೂ ಕಲಿತು ಬಂದ ಪ್ರಾಣಿ ಅದು. ಒಲೆಯ ಮೇಲೆ ಅನ್ನ ಸೀದರೂ ಇವರಿಗೆ ತಿಳಿಯುವುದಿಲ್ಲ. ಮೇಲಾಗಿ ಹುಟ್ಟಿದ ಊರು ಸಮುದ್ರ ಕಾಣದ ಕತಗಾಲ. ಮೀನು ತಿನ್ನುವುದು ಗೊತ್ತು, ಮೀನಿನ ಸಂಗತಿ ಗೊತ್ತಿಲ್ಲ. ನಾನು ಭಟ್ಕಳದ ಆಚೆಯ ಬೆಳಕೆಯವಳು, ದೋಣಿ ಇಟ್ಟುಕೊಂಡವರ ಮನೆ ಮಗಳು. ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ವರ್ಷ ಇವರ ಕಿವಿ ಕೈಕೊಟ್ಟಿತು.

ಎಂಬತ್ತೆರಡನೆಯ ಇಸವಿ ಇರಬೇಕು. ಆಷಾಢ ಕಳೆದು ಶ್ರಾವಣ ಹಿಡಿದಿತ್ತು. ಒಂದು ಬೆಳಿಗ್ಗೆ ಐಸಿನ ಲಾರಿಯೊಂದು ಶೆಡ್ಡಿನ ಎದುರು ನಿಂತಿತು. ಹಿಂದುಗಡೆ ಹಗ್ಗ ಬಿಗಿದ ಒಂದು ಹಳೆಯ ಮೋಟಾರ್ ಸೈಕಲ್, ಅದರ ಪಕ್ಕದಲ್ಲಿ ಗೋಣಿ ಹೊದ್ದು ಕೂತ ನನ್ನ ತಮ್ಮ ಜಟ್ಟ. ಗಡ್ಡ ಬಿಟ್ಟಿದ್ದ, ಕಣ್ಣು ಗುಳಿ ಬಿದ್ದಿತ್ತು. ರಿಪೇರಿ ಗಾಡಿಗೆ ಮೊದಲೋ ಇವನಿಗೆ ಮೊದಲೋ ಎಂದು ನನಗೆ ಅನ್ನಿಸಿತು.

ಗಾಡಿಯನ್ನು ಅವನು ಎರಡು ವರ್ಷದ ಹಿಂದೆ ಭಟ್ಕಳದ ಒಬ್ಬ ಸಾಹುಕಾರರಿಂದ ತೆಗೆದುಕೊಂಡಿದ್ದ. ಅವರು ದುಬೈಗೆ ಹೊರಟಿದ್ದರು. ಜಟ್ಟ ನಮ್ಮ ಸೋದರಮಾವ ಬೀರನ ದೋಣಿಯಲ್ಲಿ ಬಲೆ ಎಳೆಯುವವನು. ನಸುಕಿನ ಮೀನು ದಡಕ್ಕೆ ಬಂದ ಕೂಡಲೇ ಒಂದು ಬುಟ್ಟಿ ಗಾಡಿಗೆ ಕಟ್ಟಿಕೊಂಡು ಘಟ್ಟದ ಬುಡದ ಹಾಡುವಳ್ಳಿ ಕಡೆ ಹೋಗಿ ಮಾರಿ ಬರುತ್ತಿದ್ದ. ಬಸ್ಸಿನವರು ಮೀನಿನ ಬುಟ್ಟಿ ಹತ್ತಿಸಿಕೊಳ್ಳುವುದಿಲ್ಲವಲ್ಲ, ಆ ಕಡೆಯ ಜನ ಇವನ ಗಾಡಿಯ ಸದ್ದಿಗೆ ಕಾಯುತ್ತಿದ್ದರಂತೆ. ನಮ್ಮನ್ನು ಹೆತ್ತ ಅವ್ವಿ ಈರಮ್ಮ ಮಾತ್ರ ಗಾಡಿಯ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ. ‘ನೆಲದ ಮೇಲೆ ಓಡೂದು ಯಾರ ಹೊಟ್ಟೆ ತುಂಬ್ತದೆ? ಹೊಗೆ ಬಿಡೂಕೆ ಮನೇಲಿ ಒಲೆ ಇಲ್ವಾ?’ ಎನ್ನುತ್ತಿದ್ದಳು.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಬೀರ ಮಾವನ ದೋಣಿ ಗಾಳಿಗೆ ಸಿಕ್ಕಿ ಮಗುಚಿತು. ಎಲ್ಲರೂ ಜೀವಸಹಿತ ದಡ ಸೇರಿದರು. ಉಳಿದವರು ಬಲೆ ಹೊಲಿದುಕೊಂಡು ಮತ್ತೆ ನೀರಿಗಿಳಿದರು. ಜಟ್ಟ ಬೆನ್ನು ನೋವು ಎಂದು ಚಾಪೆ ಹಿಡಿದವನು ಮಳೆಗಾಲ ಪೂರ್ತಿ ಗೋಡೆ ಕಡೆ ಮುಖ ಮಾಡಿ ಮಲಗಿದ ಎಂದು ಸುದ್ದಿ ಬಂದಿತ್ತು.

ಲಾರಿ ಹೋದ ಮೇಲೆ ನಾನು ಅವನನ್ನು ಅಡುಗೆಮನೆಗೆ ಕರೆದು ಗಂಜಿ ಬಡಿಸಿದೆ.

‘ಬೆನ್ನು ಹ್ಯಾಂಗದೆ?’

‘ಬೆನ್ನಿಗೆ ಎಂತದೂ ಆಗ್ಲಿಲ್ಲ ಅಕ್ಕಾ’ ಎಂದ. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದ, ‘ಅಲೆ ಸದ್ದು ಕೇಳಿದ್ರೆ ಕೈ ನಡಗ್ತದೆ. ನೂಲ ಹುಣ್ಣಿಮೆ ದಿನ ಮಾವ ಬಂದು ಕರೀತ. ಅಂವ ನನ್ನ ಜಾಗ ಬೇರೆ ಯಾರಿಗೂ ಕೊಡ್ಲಿಲ್ಲ. ಕೈಲಿ ಬೇರೆ ಕೆಲ್ಸ ಇಲ್ದೆ ಬರೂದಿಲ್ಲ ಅಂತ ಹ್ಯಾಂಗೆ ಹೇಳೂದು? ಗಾಡಿ ಒಂದು ಎದ್ರೆ, ಮಾವಾ ನಾ ಇನ್ನು ಮೀನು ಹೊರೂದೇ ಮಾಡ್ತೆ ಅನ್ಲಕ್ಕು. ಗಾಡಿ ಏಳ್ದಿದ್ರೆ ಹೋಗ್ಬೇಕು.’

ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ನಮ್ಮವರು ದೋಣಿ ಇಳಿಸುವುದು. ಅದಕ್ಕೆ ಇನ್ನು ವಾರದ ಮೇಲೆ ಸ್ವಲ್ಪ ದಿನ ಇತ್ತು, ಅಷ್ಟೇ. ಮೀನುಗಾರರ ಮನೆಯ ಗಂಡು ತನಗೆ ನೀರಿನ ಹೆದರಿಕೆ ಎಂದು ಬಾಯಿ ಬಿಟ್ಟು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಇವನು ನನ್ನ ಹತ್ತಿರ ಹೇಳಿದನಲ್ಲ ಎಂದು ಸಮಾಧಾನವಾಯಿತು, ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಕೈ ನಡುಗುವವನನ್ನು ದೋಣಿಗೆ ಹತ್ತಿಸುವುದುಂಟೇ.

‘ನಿನ್ನ ಬಾವ ಇಲ್ವಾ? ಉಣ್ಣು’ ಎಂದೆ. ಗಂಡನನ್ನು ನಾನು ಬೈದರೂ ಕೆಲಸದಲ್ಲಿ ನಂಬಿಕೆ ಇತ್ತು.

ಇವರು ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಸುತ್ತು ಬಂದರು. ಎದ್ದೇಳದ ಗಾಡಿಗೆ ಸದ್ದಿಲ್ಲ, ಸದ್ದಿಲ್ಲದ್ದಕ್ಕೆ ಕಿವಿ ಕೊಟ್ಟು ಏನು ಮಾಡುವುದು. ಕಿಕ್ ಹೊಡೆದರು. ಕಾಲು ಬೆಣ್ಣೆಯೊಳಗೆ ಹೋದ ಹಾಗೆ ಕೆಳಗೆ ಹೋಯಿತು.

‘ಮಳೆಗಾಲ ಪೂರ್ತಿ ತೆಂಗಿನ ಮಡಲಿನ ಅಡಿಗೆ ಇತ್ತು ಬಾವ. ಮೊನ್ನೆ ತೆಗ್ದು ಕಿಕ್ ಹೊಡದ್ರೆ ಹೀಗೆ. ಒಂದು ಕೆಮ್ಮು ಸಮೇತ ಇಲ್ಲ’ ಎಂದ ಜಟ್ಟ.

‘ಕಿಡಿ, ಪೆಟ್ರೋಲು, ಗಾಳಿ. ಮೂರೇ. ಮೂರರಲ್ಲಿ ಒಂದು ಇಲ್ಲ’ ಎಂದರು ಇವರು. ಇದು ಇವರ ಗಾಯತ್ರಿ ಮಂತ್ರ.

ಮೊದಲು ಕಿಡಿ. ಪಾನಾ ಹಾಕಿ ಪ್ಲಗ್ಗು ಬಿಚ್ಚಿದರು, ವಯರು ಸಿಕ್ಕಿಸಿ ಎಂಜಿನ್ನಿನ ಮೈಗೆ ಒತ್ತಿ ಹಿಡಿದು ಕಿಕ್ ಹೊಡೆಸಿದರು. ನೀಲಿ ಕಿಡಿ ಚಟಚಟ ಹಾರಿತು. ‘ಮಳೆಗಾಲ ಪೂರ್ತಿ ಬಿದ್ದ ಗಾಡಿ ಪ್ಲಗ್ಗು ಇಷ್ಟು ಚೊಕ್ಕ ಇದ್ದದ್ದು ನಾ ಕಾಣಲಿಲ್ಲ. ಕಿಲುಬಿಲ್ಲ, ಎಂತದೂ ಇಲ್ಲ’ ಎಂದು ಅದನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದರು.

ಆಮೇಲೆ ಪೆಟ್ರೋಲು. ಟ್ಯಾಂಕಿಯ ಹಳೆಯದನ್ನು ಚೆಲ್ಲಿ ಹೊಸದು ಹೊಯ್ದರು. ಇದು ಟೂ ಸ್ಟ್ರೋಕ್ ಗಾಡಿ. ಈ ಜಾತಿಗೆ ಎಂಜಿನ್ನೊಳಗೆ ಬೇರೆ ಎಣ್ಣೆ ಹಾಕುವ ಪದ್ಧತಿ ಇಲ್ಲ, ಪೆಟ್ರೋಲಿನಲ್ಲೇ ಎಣ್ಣೆ ಕಲಸಿ ಕುಡಿಸಬೇಕು. ಕಾರ್ಬೊರೇಟರ್ ಬಿಚ್ಚಿದರೆ ಸಣ್ಣ ತೂತುಗಳಲ್ಲೆಲ್ಲ ಹಳದಿ ಅಂಟು ಕಟ್ಟಿತ್ತು. ತೆಳ್ಳಗಿನ ತಂತಿಯಲ್ಲಿ ಚುಚ್ಚಿ ಚುಚ್ಚಿ ತೆಗೆದು ಜೋಡಿಸಿದರು. ಗಾಡಿ ಏಳಲಿಲ್ಲ.

ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದರೆ ಗಾಳಿಯೇ ಬರುತ್ತಿಲ್ಲ. ಒಳಗೆ ಕೊಕ್ಕೆ ಹಾಕಿ ಎಳೆದರು. ಹಳೆ ಬಟ್ಟೆ ಸುತ್ತಿದ ತೆಂಗಿನ ನಾರಿನ ಉಂಡೆಯೊಂದು ಹೊರಗೆ ಬಂತು. ‘ಇಲಿ ಗೂಡು’ ಎಂದು ಮೂಲೆಗೆಸೆದು, ರೋಗ ಸಿಕ್ಕಿತು ಎಂಬ ಖುಷಿಯಲ್ಲಿ ಒಂದು ಚಿಟಿಕೆ ನಸ್ಯ ಏರಿಸಿಕೊಂಡರು. ಆದರೂ ಗಾಡಿ ಏಳಲಿಲ್ಲ. ಪ್ಲಗ್ಗನ್ನು ಮತ್ತೆ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ತಮ್ಮ ನಸ್ಯದ ಡಬ್ಬಿಯ ಪಕ್ಕ ಇಟ್ಟರು. ಅದರ ತೂತಿಗೆ ಹೆಬ್ಬೆರಳು ಒತ್ತಿ ಕಿಕ್ ಹೊಡೆದರೆ ಒಳಗಿನ ಗಾಳಿ ಬೆರಳನ್ನು ದೂಡಬೇಕು. ಇಲ್ಲಿ ಉಸಿರೇ ಇರಲಿಲ್ಲ.

ಮಾರನೇ ದಿನ ಎಂಜಿನ್ನಿನ ತಲೆ ತೆಗೆದು, ಸಿಲಿಂಡರನ್ನು ಮೇಲಕ್ಕೆತ್ತಿದರು. ಪಿಸ್ಟನ್ನಿನ ಸುತ್ತ ಎರಡು ಕಬ್ಬಿಣದ ಬಳೆ ಇರುತ್ತವೆ. ರಿಂಗು ಎನ್ನುತ್ತಾರೆ. ಅವು ಹೊರಮುಖವಾಗಿ ಸಿಡಿದು ನಿಂತು ಗಾಳಿಯನ್ನು ಹಿಡಿಯಬೇಕು. ಇಲ್ಲಿ ಎರಡೂ ತಮ್ಮ ತೋಡಿನೊಳಗೆ ಅಂಟಿ ಕೂತಿದ್ದವು. ಅವುಗಳ ಮೇಲೆ ಜೇನಿನ ಬಣ್ಣದ, ಗಾಜಿನಂತೆ ಗಟ್ಟಿಯಾದ ಪದರ.

ಇವರು ಅದನ್ನು ಉಗುರಲ್ಲಿ ಕೆರೆದರು, ಬೆಳಕಿಗೆ ಹಿಡಿದರು, ಮೂಗಿಗೂ ಹಿಡಿದರು. ಆ ಮೂಗಿಗೆ ಹಿಡಿದು ಏನು ಪ್ರಯೋಜನ. ‘ಸುಟ್ಟ ಎಣ್ಣೆ ಆದ್ರೆ ಕರ್ರಗೆ ಇರ್ಬೇಕು. ಇದು ಎಂತದು ಅಂತ ನಂಗೇ ತಿಳೀಲಿಲ್ಲ. ಬಳೆ ಕೀಳೂಕೆ ಹೋದ್ರೆ ಮುರೀತದೆ ಜಟ್ಟ. ಹುಬ್ಬಳ್ಳಿಯಿಂದ ಹೊಸತು ಬರ್ಬೇಕು. ಘಟ್ಟದ ರಸ್ತೆ ಕುಸ್ದು ಕೂತದೆ. ಹುಣ್ಣಿಮೆ ಒಳಗೆ ಆಗೂದಿಲ್ಲ’ ಎಂದರು.

ಜಟ್ಟ ಒರೆಸುವ ಬಟ್ಟೆಯನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ.

ನಾನು ಚಹಾ ತಂದವಳು ಅಲ್ಲೇ ನಿಂತೆ. ಪೆಟ್ರೋಲು, ಗ್ರೀಸು, ಇವರ ಬೆವರು ಎಲ್ಲದರ ಅಡಿಯಿಂದ ಇನ್ನೊಂದು ವಾಸನೆ ಮೇಲೆ ಬರುತ್ತಿತ್ತು. ನಮ್ಮ ಅಂಗಳದ ವಾಸನೆ, ಅಪ್ಪನ ಅಂಗಿಯ ವಾಸನೆ. ಪಿಸ್ಟನ್ನನ್ನು ಇವರ ಕೈಯಿಂದ ಕಸಿದು ಮೂಸಿ ನೋಡಿದೆ.

‘ಇದು ಮೀನೆಣ್ಣೆ’ ಎಂದೆ. ‘ತಾರ್ಲೆ ಮೀನಿನ ಎಣ್ಣೆ. ದೋಣಿಗೆ ಹಚ್ಚೂದು. ಒಣಗಿದ್ರೆ ಹೀಗೇ ಆಗ್ತದೆ.’

ಇವರ ಬಾಯಿ ತೆರೆದೇ ಉಳಿಯಿತು. ‘ಮೀನೆಣ್ಣೆ ಎಂಜಿನ್ನೊಳಗೆ ಹ್ಯಾಂಗೆ ಬಂತು? ಅದೇನು ಈಜಿ ಬಂತಾ? ಯಾರೋ ಬೇಕಂತ ಹೊಯ್ದದ್ದು. ನಿಮ್ಮ ಮಾವನೇ ಇರ್ಬೇಕು ನೋಡು, ದೋಣಿಗೆ ಜನ ತಪ್ಪಿ ಹೋಗ್ತದೆ ಅಂತ.’

‘ಮಾವ ಅಲ್ಲ’ ಎಂದ ಜಟ್ಟ. ಅವನ ಸ್ವರ ಬಹಳ ಸಣ್ಣಗಿತ್ತು. ‘ಮೀನೆಣ್ಣೆ ಡಬ್ಬಿ ಇರೂದು ಅವ್ವಿಯ ಮಂಚದ ಅಡಿಗೆ. ಅಪ್ಪ ಸತ್ತು ದೋಣಿ ಮಾರಿದ ಮೇಲೂ ಅವ್ವಿ ಅದನ್ನ ಯಾರಿಗೂ ಮುಟ್ಟೂಕೆ ಕೊಡೂದಿಲ್ಲ.’

ಇವರು ಪಿಸ್ಟನ್ನನ್ನು ನನ್ನ ಕೈಯಿಂದ ತೆಗೆದು ಬಟ್ಟೆಯ ಮೇಲೆ ಇಟ್ಟರು.

‘ಬಿಟ್ಬಿಡಿ ಬಾವ. ಜೋಡ್ಸೂದು ಬೇಡ. ಅವ್ವಿಗೆ ಈ ಗಾಡಿ ಅಷ್ಟು ಬೇಡ ಅಂದ್ರೆ ನಂಗೂ ಬೇಡ. ನಾ ದೋಣಿಗೇ ಹೋಗ್ತೆ’ ಎಂದು ಎದ್ದ. ಚಹಾ ಲೋಟ ತೆಗೆದುಕೊಳ್ಳಲು ಹೋದವನ ಕೈ ನಡುಗಿ ಚಹಾ ತುಳುಕಿತು. ಬಂದರು ಎಂದರೂ ನಮ್ಮದು ಹೊಳೆಯ ಬಂದರು, ಅಲೆಯ ಸದ್ದು ಶೆಡ್ಡಿಗೆ ಕೇಳುವುದಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟು ನನಗೆ ಬಳುವಳಿಯಾಗಿ ಬಂದದ್ದು, ಅವ್ವಿಯದೇ. ಹೆತ್ತ ಮಗನ ಅನ್ನದ ದಾರಿಗೆ ಎಣ್ಣೆ ಹೊಯ್ಯುವ ತಾಯಿ ಇದ್ದಾಳೆಯೇ, ಈಗಲೇ ಬಸ್ಸು ಹತ್ತಿ ಬೆಳಕೆಗೆ ಹೋಗಿ ಕೇಳುತ್ತೇನೆ ಎಂದು ಕೂಗಾಡಿದೆ. ಇವರು ಕಿಟಕಿಯ ಕಟ್ಟೆಯ ಕಡೆ ನಸ್ಯಕ್ಕೆ ಕೈ ಚಾಚಿದರು. ಅದನ್ನು ಕಂಡು ಇನ್ನೂ ಉರಿಯಿತು. ‘ಈ ಡಬ್ಬಿ ಇಲ್ದಿದ್ರೆ ನಿನ್ನೆಯೇ ವಾಸನೆ ತಿಳೀತಿತ್ತು ನಿಮ್ಗೆ’ ಎಂದು ಡಬ್ಬಿಯನ್ನು ಅಂಗಳಕ್ಕೆ ಎಸೆದೆ. ಅದರ ಜೊತೆಗೆ ಪಕ್ಕದಲ್ಲಿದ್ದ ಪ್ಲಗ್ಗೂ ಕೆಳಗೆ ಬಿತ್ತು.

ಸಿಟ್ಟು ಎಷ್ಟೇ ಇರಲಿ, ಮೆಕ್ಯಾನಿಕ್ಕನ ಹೆಂಡತಿ ಪ್ಲಗ್ಗು ಬಿದ್ದರೆ ಹೆಕ್ಕಿಯೇ ಹೆಕ್ಕುತ್ತಾಳೆ. ಹೆಕ್ಕಿ ಸೆರಗಿನಲ್ಲಿ ಒರೆಸಿದೆ. ಸೆರಗಿಗೆ ಬಿಳಿ ಹುಡಿ ಹತ್ತಿತು. ಪ್ಲಗ್ಗಿನ ತಲೆಯ ಪಿಂಗಾಣಿಯ ಗೀರುಗಳಲ್ಲಿ, ಅದರ ಕೊರಳಿನ ಸಂದಿಯಲ್ಲಿ ಅದೇ ಹುಡಿ ಕೂತಿತ್ತು. ನಾಲಿಗೆಗೆ ಹಚ್ಚಿ ನೋಡಿದೆ. ಅಕ್ಕಿಯ ತೌಡು.

ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಇಲಿ ಗೂಡನ್ನು ಎತ್ತಿ ನೋಡಿದೆ. ಇಲಿ ನಾರನ್ನು ಕಚ್ಚಿ ಹರಡುತ್ತದೆ. ಇದು ಬಿಗಿಯಾಗಿ ಹೊಸೆದು, ಅವ್ವಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ನಾರು.

‘ಜಟ್ಟ, ಈ ಪ್ಲಗ್ಗಿಗೆ ನೀ ಮನೇಲಿ ಎಂತ ಹೇಳ್ತಿ?’ ಎಂದು ಕೇಳಿದೆ.

‘ಎಂತ ಹೇಳೂದು? ದಿನಾ ಬೆಳಿಗ್ಗೆ ಬಿಚ್ಚಿ ಒರಸ್ತೆ. ಒಂದ್ಸಲ ಅವ್ವಿ ಅದೆಂತದು ಅಂತ ಕೇಳ್ತು. ಇದು ಇದರ ಬೂಚು, ಇದಿಲ್ದಿದ್ರೆ ಗಾಡಿ ಹೋಗೂದಿಲ್ಲ ಅಂದೆ. ತಮಾಷೆಗೆ.’

ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು. ಇವರಿಗೆ ಅರ್ಥವಾಗಲಿಲ್ಲ. ಕತಗಾಲದವರಿಗೆ ಹೇಗೆ ಅರ್ಥವಾಗಬೇಕು. ಹೇಳಿದೆ. ದೋಣಿಯ ತಳದಲ್ಲಿ ಒಂದು ತೂತು ಇರುತ್ತದೆ, ಅದಕ್ಕೆ ಮರದ ಬೂಚು. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ಮಡಲು ಹೊದೆಸುವಾಗ ಆ ಬೂಚು ತೆಗೆಯುತ್ತಾರೆ, ಒಳಗೆ ಬಿದ್ದ ಮಳೆನೀರು ಹರಿದು ಹೋಗಲಿ ಎಂದು. ನಮ್ಮ ಮನೆಯಲ್ಲಿ ಅಪ್ಪ ಆ ಬೂಚನ್ನು ತಂದು ಅವ್ವಿಯ ಕೈಗೆ ಕೊಡುತ್ತಿದ್ದ. ಅವ್ವಿ ಅದನ್ನು ಅಕ್ಕಿ ಮಡಕೆಯಲ್ಲಿ ಹುಗಿದಿಡುತ್ತಿದ್ದಳು. ಅನ್ನ ತರುವ ದೋಣಿಯ ಜೀವ ಅಕ್ಕಿಯೊಳಗೇ ಇರಲಿ ಎಂದು. ಉಳಿದ ಸಂದುಗೊಂದಿಗೆ ಏಡಿ ಹೋಗದ ಹಾಗೆ ನಾರು ತುರುಕಿ, ಒಳಗೂ ಹೊರಗೂ ಮೀನೆಣ್ಣೆ ಉಣಿಸಿ ಮಲಗಿಸುವುದು. ನೂಲ ಹುಣ್ಣಿಮೆಯ ಬೆಳಿಗ್ಗೆ ಬೂಚನ್ನು ಮಡಕೆಯಿಂದ ತೆಗೆದು ಅಪ್ಪನ ಕೈಗೆ ಕೊಡುವಾಗ ಅವ್ವಿ ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದಳು, ‘ಬಿಗಿ ಮಾಡಿ, ನೀರು ಬಂದೀತು.’

‘ಗಾಡಿ ಕೊಲ್ಲೂಕೆ ಹೊಯ್ದದ್ದಲ್ಲ ಜಟ್ಟ. ಅವ್ವಿ ಇದನ್ನ ದೋಣಿ ಹಾಗೆ ಮಲಗ್ಸಿದ್ದು’ ಎಂದೆ.

ಜಟ್ಟ ಪ್ಲಗ್ಗನ್ನು ನನ್ನ ಕೈಯಿಂದ ತೆಗೆದುಕೊಂಡ. ತುಂಬ ಹೊತ್ತು ನೋಡಿದ. ಆಮೇಲೆ ಮುಖ ತಿರುಗಿಸಿ ತೋಳಿನಲ್ಲಿ ಕಣ್ಣು ಒರೆಸಿಕೊಂಡ. ಅವನು ಮಲಗಿದ್ದ ಗೋಡೆಯ ಆಚೆ ಬದಿಗೇ ಗಾಡಿ ಇತ್ತು. ಇವನು ಈಚೆ ಮುಖ ಮುಚ್ಚಿ ಮಲಗಿದ್ದಾಗ ಆಚೆ ಅವ್ವಿ ಅಪ್ಪನ ಕಾಲದ ಎಣ್ಣೆಯನ್ನು ಪ್ಲಗ್ಗಿನ ತೂತಿನಿಂದ ಹನಿಹನಿಯಾಗಿ ಇದಕ್ಕೆ ಕುಡಿಸುತ್ತ ಕೂತಿದ್ದಳು.

‘ಮೀನೆಣ್ಣೆ ಹತ್ತಿ ದಪ್ಪ ಆದ್ರೆ ನಿಮ್ಮಲ್ಲಿ ಎಂತ ಮಾಡ್ತ್ರಿ?’ ಎಂದು ಇವರು ಕೇಳಿದರು. ಕೇಳುವಾಗ ಸ್ವರದಲ್ಲಿ ಮೇಸ್ತ್ರಿಯ ಗತ್ತು ಸ್ವಲ್ಪ ಇಳಿದಿತ್ತು, ಅದನ್ನು ನಾನು ಮನಸಾರೆ ಸವಿದೆ.

‘ಬೂದಿ ನೀರು ಕಾಯ್ಸಿ ಉಜ್ಜೂದು.’

‘ಪಿಸ್ಟನ್ನು ಅಲ್ಯೂಮಿನಂ. ಬೂದಿ ನೀರು ಅದನ್ನ ತಿಂತದೆ.’

‘ಹಾಗಾದ್ರೆ ನೀವೇ ನೆಕ್ಕಿ ತೆಗೀರಿ.’

ಕೊನೆಗೆ ಸಂಧಾನವಾಯಿತು. ಕಬ್ಬಿಣದ ಸಿಲಿಂಡರು ನನ್ನ ಪಾಲು, ಪಿಸ್ಟನ್ನು ಇವರ ಪಾಲು. ನಾನು ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿ ಬಗ್ಗಿಸಿ, ಕುದಿಸಿ ಸಿಲಿಂಡರಿನ ಒಳಮೈ ಉಜ್ಜಿದೆ. ಜೇನಿನ ಬಣ್ಣ ನೊರೆಯಾಗಿ ಇಳಿದು ಕಬ್ಬಿಣ ಬೆಳ್ಳಗಾಯಿತು. ಪಿಸ್ಟನ್ನನ್ನು ಇವರು ಬಿಸಿ ನೀರಿನ ಪಾತ್ರೆಯಲ್ಲಿಟ್ಟ ಡಬ್ಬಿಯೊಳಗೆ ಸೀಮೆಎಣ್ಣೆ ಹಾಕಿ ನೆನೆಯಲು ಬಿಟ್ಟರು. ಎಂಜಿನ್ನಿನ ತಳದ ಗೂಡಿನೊಳಗೂ ಸೀಮೆಎಣ್ಣೆ ಹೊಯ್ದು ತಿರುಗಿಸಿ ಚೆಲ್ಲಿದರು, ಮತ್ತೆ ಹೊಯ್ದು ಮತ್ತೆ ಚೆಲ್ಲಿದರು. ಟೂ ಸ್ಟ್ರೋಕ್ ಗಾಡಿ ಉಸಿರಾಡುವುದೇ ಆ ಗೂಡಿನ ಮೂಲಕವಂತೆ, ಅಲ್ಲಿ ಅಂಟು ಉಳಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಬಳೆಗಳು ಮಾತ್ರ ಹಟ ಹಿಡಿದು ಕೂತವು. ಜಟ್ಟ ದಿನವಿಡೀ ಆ ಡಬ್ಬಿಯ ಎದುರೇ ಕೂತಿರುತ್ತಿದ್ದ. ಒಮ್ಮೆ ಬಿದಿರು ಕಡ್ಡಿಯಲ್ಲಿ ಮೆಲ್ಲಗೆ ಒತ್ತುವುದು, ಮತ್ತೆ ಅದ್ದುವುದು. ಬಲೆಯ ಗಂಟು ಬಿಡಿಸುವ ತಾಳ್ಮೆ ಅವನಿಗೆ ಹುಟ್ಟಿನಿಂದ ಬಂದದ್ದು. ಇವರು ಹತ್ತಿರ ಹೋದರೆ, ‘ನೀವು ಮುಟ್ಬೇಡಿ ಬಾವ, ಮುರೀತ್ರಿ’ ಎನ್ನುತ್ತಿದ್ದ. ನನ್ನ ಗಂಡನಿಗೆ ಅವರ ಶೆಡ್ಡಿನಲ್ಲೇ ಹಾಗೆ ಹೇಳಿದವರು ಇರಲಿಲ್ಲ. ಇವರು ನಕ್ಕು ಹೊರಗೆ ಬಂದರು.

ಹುಣ್ಣಿಮೆಗೆ ಎರಡು ದಿನ ಇರುವಾಗ, ಮಧ್ಯಾಹ್ನ, ಒಳಗಿಂದ ‘ಅಕ್ಕಾ’ ಎಂದು ಕೂಗಿದ. ಓಡಿ ಹೋದೆ. ಮೇಲಿನ ಬಳೆ ಟಿಣ್ ಎಂದು ಹೊರಗೆ ಸಿಡಿದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿನದೂ ಬಿಟ್ಟಿತು. ಎರಡೂ ಇಡಿಯಾಗಿ ಉಳಿದಿದ್ದವು. ಜಟ್ಟ ಬಹಳ ದಿನದ ಮೇಲೆ ಹಲ್ಲು ತೋರಿಸಿ ನಕ್ಕದ್ದನ್ನು ಆವತ್ತು ಕಂಡೆ.

ಮಾರನೇ ಬೆಳಿಗ್ಗೆ ಎಲ್ಲ ಜೋಡಿಸಿ ಆಯಿತು. ಪ್ಲಗ್ಗಿನ ತೂತಿಗೆ ಇವರು ಹೆಬ್ಬೆರಳು ಒತ್ತಿ ಕಿಕ್ ಹೊಡೆಸಿದರು. ಒಳಗಿನ ಗಾಳಿ ಬೆರಳನ್ನು ಫಟ್ಟೆಂದು ದೂಡಿತು. ‘ಉಸಿರು ಬಂತು’ ಎಂದರು. ಪ್ಲಗ್ಗು ಹಾಕಿ ಜಟ್ಟನೇ ಕಿಕ್ ಹೊಡೆದ. ಇಲ್ಲ. ಮತ್ತೆ ಹೊಡೆದ. ಒಂದು ಕೆಮ್ಮು. ಮೂರನೆಯದಕ್ಕೆ ಗಾಡಿ ಗೊರ್ರೆಂದು ಎದ್ದು ನಿಂತು, ಶೆಡ್ಡು ಕಾಣದಷ್ಟು ಹೊಗೆ ಬಿಟ್ಟಿತು.

ಆ ಹೊಗೆಯನ್ನು ಏನೆಂದು ವರ್ಣಿಸಲಿ. ಒಳಗೆಲ್ಲೋ ಉಳಿದಿದ್ದ ಮೀನೆಣ್ಣೆ ಬಿಸಿಗೆ ಸುಟ್ಟು, ಬಂದರು ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ತಾರ್ಲೆ ಹುರಿದ ವಾಸನೆ. ಎಲ್ಲಿದ್ದವೋ, ಬೆಕ್ಕುಗಳು ಬಾಲ ಎತ್ತಿಕೊಂಡು ಸೈಲೆನ್ಸರಿನ ಸುತ್ತ ನೆರೆದವು. ಶೆಡ್ಡಿನ ಮಾಡಿನ ಮೇಲೆ ಕಾಗೆ ಸಂತೆ. ಎದುರಿನ ಸಸ್ಯಾಹಾರಿ ಹೋಟೆಲಿನ ಭಟ್ಟರು ಹೆಗಲ ಮೇಲಿನ ಪಂಚೆಯಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದು, ‘ಎಂತದ್ರಾ ಇದು, ಬೆಳಗಾಮುಂಚೆ ಮೀನು ಹುರದ ವಾಸನೆ ಬತ್ತಾ ಇದ್ದು’ ಎಂದರು.

‘ಮೀನಲ್ಲ ಭಟ್ರೆ, ಮೋಟಾರ್ ಸೈಕಲ್ಲು’ ಎಂದರು ಇವರು. ಆಮೇಲೆ ಮೂಗು ಅರಳಿಸಿ ನನ್ನ ಕಡೆ ತಿರುಗಿದರು. ‘ಗಂಗೆ, ನಂಗೂ ವಾಸನೆ ಬಂತು ಕಾಣು.’ ನಸ್ಯದ ಡಬ್ಬಿ ಅಂಗಳಕ್ಕೆ ಹಾರಿದ ಮೇಲೆ ಹೊಸತು ತಂದಿರಲಿಲ್ಲ, ಅದಕ್ಕೆ.

ನೂಲ ಹುಣ್ಣಿಮೆಗೆ ತವರಿಗೆ ಹೋಗುವುದು ಇದ್ದೇ ಇತ್ತು. ಆವತ್ತೇ ಜಟ್ಟನ ಹಿಂದೆ ಕೂತು ಹೊರಟೆ. ಮಂಕಿ, ಶಿರಾಲಿ ದಾಟುವಾಗ ನಾಯಿಗಳು ಅಟ್ಟಿಸಿಕೊಂಡು ಬಂದವು. ಭಟ್ಕಳ ಬರುವಷ್ಟರಲ್ಲಿ ಹೊಗೆ ತಿಳಿಯಾಗಿ, ಬರೀ ಪೆಟ್ರೋಲಿನ ವಾಸನೆ ಉಳಿಯಿತು. ರಸ್ತೆ ಸಮುದ್ರದ ಪಕ್ಕ ಹೋಗುವ ಜಾಗದಲ್ಲಿ ಅಲೆಯ ಸದ್ದು ಕಿವಿಗೆ ಬಿದ್ದಾಗ ನಾನು ಅವನ ಕೈ ನೋಡಿದೆ. ಹ್ಯಾಂಡಲ್ ಹಿಡಿದ ಕೈ ನೆಟ್ಟಗಿತ್ತು.

ಸದ್ದು ಕೇಳಿ ಅವ್ವಿ ಅಂಗಳಕ್ಕೆ ಬಂದು ನಿಂತಿದ್ದಳು. ಗಾಡಿಯನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ, ನನ್ನನ್ನು ‘ಬಂದ್ಯಾ’ ಎಂದು ಕೇಳಿದಳು. ಜಟ್ಟ ಗಾಡಿ ನಿಲ್ಲಿಸಿ, ಸೀಟಿನ ಅಡಿಯಿಂದ ಪಾನಾ ತೆಗೆದು, ಪ್ಲಗ್ಗು ಬಿಚ್ಚಿದ. ಬಿಸಿ ಇತ್ತು. ಲುಂಗಿಯ ತುದಿಯಲ್ಲಿ ಒರೆಸಿ, ಆರಿಸಿ, ಎರಡೂ ಕೈಯಲ್ಲಿ ಹಿಡಿದು ಅವ್ವಿಯ ಎದುರು ಚಾಚಿದ.

‘ಅವ್ವಿ, ಬೂಚು.’

ಅವ್ವಿಯ ಮುಖ ಕೆಂಪಾಯಿತು. ತೆಗೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು. ‘ನಗಾಡ್ತಿ ಅಂತ ಹೆದರ್ಕೆ ಆತು ತಮಾ. ಅದ್ಕೇ ಕೈಗೆ ಕೊಡ್ದೆ ನಾನೇ ಹಾಕಿಟ್ಟೆ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಎಣ್ಣೆ ಕುಡಿಯೂ ಗಾಡಿ ಅಲ್ದಾ ಅದು? ಪೆಟ್ರೋಲಿಗೆ ಇಂವ ಎಣ್ಣೆ ಹೊಯ್ಯೂದು ದಿನಾ ಕಾಣ್ತಿದ್ದೆ. ಅಪ್ಪನ ಡಬ್ಬೀಲಿ ಸ್ವಲ್ಪ ಉಳ್ದಿತ್ತು. ಇನ್ಯಾರಿಗೆ ಇಡೂದು?’

ಅದು ಗಾಡಿಗೆ ವಿಷ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ‘ಬರೂ ವರ್ಷ ಹೊರಗಿಂದ ಮಾತ್ರ ಹಚ್ಚು ಅವ್ವಿ’ ಎಂದೆ. ‘ಆತು’ ಎಂದಳು.

ಹುಣ್ಣಿಮೆಯ ಬೆಳಿಗ್ಗೆ ದಡದಲ್ಲಿ ದೋಣಿಗಳಿಗೆ ಹೂವು ಏರಿಸುತ್ತಿದ್ದರು. ಬೀರ ಮಾವ ತೆಂಗಿನಕಾಯಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದ. ‘ಜಟ್ಟಾ, ಹೊರಡು’ ಎಂದ. ಜಟ್ಟ ಗಾಡಿಯ ಪಕ್ಕ ನಿಂತಿದ್ದ. ಹೇಳಬೇಕೆಂದು ಕಲಿತುಕೊಂಡಿದ್ದ ಮಾತು ಬಿಟ್ಟು ಹ್ಯಾಂಡಲ್ಲಿನ ಧೂಳು ಒರೆಸತೊಡಗಿದ.

ಅಷ್ಟರಲ್ಲಿ ಅವ್ವಿ ಬಾಗಿಲು ದಾಟಿ ಬಂದಳು. ಕೈ ಮೊಣಕೈವರೆಗೆ ಅಕ್ಕಿಯ ಹುಡಿ ಹತ್ತಿ ಬೆಳ್ಳಗಾಗಿತ್ತು, ಮುಷ್ಟಿಯಲ್ಲಿ ಪ್ಲಗ್ಗು.

‘ಬೀರ, ಅಂವ ನಿನ್ನ ದೋಣಿಗೆ ಬರೂದಿಲ್ಲ’ ಎಂದಳು ತನ್ನ ತಮ್ಮನಿಗೆ. ‘ಅಂವಂದು ಇಲ್ಲೇ ಅದೆ. ಇವತ್ತು ಅದನ್ನೇ ಇಳಸ್ತ.’

ಬೀರ ಮಾವ ಪ್ಲಗ್ಗನ್ನು ನೋಡಿದ, ಅಕ್ಕಿಯ ಹುಡಿಯನ್ನು ನೋಡಿದ, ಗಾಡಿಯನ್ನು ನೋಡಿದ. ದೋಣಿಯವನಿಗೆ ಅದಕ್ಕಿಂತ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಜಟ್ಟನ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟ. ‘ಆ ದಿನದಿಂದ ನಂಗೂ ನಿದ್ರೆ ಇಲ್ಲ ಮಾರಾಯ. ನಂಗೆ ಬೇರೆ ಎಂತದೂ ಬರೂದಿಲ್ಲ, ಅದ್ಕೆ ಹೋಗ್ತೆ’ ಎಂದ. ಕೈಯಲ್ಲಿದ್ದ ತೆಂಗಿನಕಾಯಿಯನ್ನು ಗಾಡಿಯ ಮುಂದಿನ ಚಕ್ರದ ಎದುರಿನ ಕಲ್ಲಿಗೆ ಒಡೆದು, ಒಂದು ಹೋಳನ್ನು ಅವ್ವಿಗೆ ಕೊಟ್ಟು, ಇನ್ನೊಂದನ್ನು ತನ್ನ ಜೊತೆಗೆ ಇಟ್ಟುಕೊಂಡ. ‘ದಡಕ್ಕೆ ಬಂದ ಮೀನು ಮೊದ್ಲು ನಿನ್ನ ಬುಟ್ಟಿಗೆ. ತಡ ಮಾಡ್ಬೇಡ’ ಎಂದು ಹೇಳಿ ಹೋದ.

ಅವ್ವಿ ಪ್ಲಗ್ಗನ್ನು ಜಟ್ಟನ ಕೈಗೆ ಕೊಟ್ಟಳು. ಅವನು ಬಗ್ಗಿ ಅದನ್ನು ಹಾಕಿ ತಿರುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದಳು.

‘ಬಿಗಿ ಮಾಡು ತಮಾ, ನೀರು ಬಂದೀತು’ ಎಂದಳು.

ಅಲ್ಲಿ ನೀರು ಬರುವುದಿಲ್ಲ ಎಂದು ನಾವು ಯಾರೂ ಹೇಳಲಿಲ್ಲ. ಜಟ್ಟ ‘ಆತು ಅವ್ವಿ’ ಎಂದು ಪಾನಾ ಹಾಕಿ ಇನ್ನೊಂದಿಷ್ಟು ಬಿಗಿದ.